ಜಾಲಪುಟಗಳಿಗಾಗಿ ಚಿತ್ರಗಳ ಉತ್ತಮೀಕರಣ

ಜಾಲಪುಟಗಳಿಗಾಗಿ ಚಿತ್ರಗಳ ಉತ್ತಮೀಕರಣ ಎಂದರೆ ಜಾಲಪುಟದಲ್ಲಿ ಬಳಸುವ ಛಾಯಾಚಿತ್ರ, ನಕ್ಷೆ, ಲಾಂಛನ ಮುಂತಾದವುಗಳನ್ನು ನೋಡುಗನ ಪರದೆಗೆ ಬೇಕಾದಷ್ಟೇ ಗಾತ್ರಕ್ಕೆ ಇಳಿಸಿ, ತಕ್ಕ ಕಡತ ವಿನ್ಯಾಸದಲ್ಲಿ ಸಂಕೋಚಿಸಿ, ಪುಟವು ಬೇಗ ತೆರೆದುಕೊಳ್ಳುವಂತೆ ಮಾಡುವ ಕೆಲಸ. ಇದನ್ನು ಸಾಮಾನ್ಯವಾಗಿ ಇಮೇಜ್ ಆಪ್ಟಿಮೈಸೇಶನ್ ಎಂದು ಕರೆಯುತ್ತಾರೆ. ಬಹುಪಾಲು ಜಾಲಪುಟಗಳಲ್ಲಿ ಬರಹಕ್ಕಿಂತ ಚಿತ್ರಗಳೇ ಹೆಚ್ಚು ಬೈಟ್‌ಗಳನ್ನು ನುಂಗುವುದರಿಂದ, ಪುಟದ ವೇಗವನ್ನು ಹೆಚ್ಚಿಸುವ ಉಪಾಯಗಳಲ್ಲಿ ಇದಕ್ಕೆ ಮೊದಲ ಸ್ಥಾನವಿದೆ. ಕನ್ನಡದ ಜಾಲಪುಟಗಳ ಮಟ್ಟಿಗೆ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಅಕ್ಷರಗಳಲ್ಲಿ ಇರಬೇಕಾದ ಪ್ರಕಟಣೆ, ದರಪಟ್ಟಿ, ಸುತ್ತೋಲೆಗಳು ಚಿತ್ರಗಳಾಗಿಯೇ ಜಾಲಕ್ಕೆ ಏರುವ ರೂಢಿ ಇಲ್ಲಿ ದೀರ್ಘಕಾಲದಿಂದ ಉಳಿದುಬಂದಿದೆ. ಇಂತಹ ಪುಟಗಳಲ್ಲಿ ಅತ್ಯುತ್ತಮ ಉತ್ತಮೀಕರಣವೆಂದರೆ ಚಿತ್ರವನ್ನೇ ಬಿಟ್ಟು ಬರಹವನ್ನು ಬಳಸುವುದು.

ಗಾತ್ರದ ಲೆಕ್ಕ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರಿನಲ್ಲಿ ಆನೆಗಳ ಹಿಂಡನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯಲಾಗಿದೆ ಎಂದು ಭಾವಿಸಬಹುದು. ಇಂದಿನ ಸಾಧಾರಣ ಕ್ಯಾಮೆರಾದ ಚಿತ್ರವು 6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ ಇರುತ್ತದೆ. ಅಂದರೆ ಒಟ್ಟು 2 ಕೋಟಿ 40 ಲಕ್ಷ ಪಿಕ್ಸೆಲ್. ಈ ಕಡತ 8 ಮೆಗಾಬೈಟ್ ಇದ್ದರೆ, ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಅದೊಂದೇ ಇಳಿಯಲು 64 ಸೆಕೆಂಡು ಬೇಕು. ಕಾಡಂಚಿನ ಹಳ್ಳಿಗಳಲ್ಲಿ ಮೊಬೈಲ್ ಸಂಕೇತ ಕ್ಷೀಣಿಸಿದಾಗ ಇಷ್ಟು ವೇಗವೂ ದೊರೆಯದೆ ಹೋಗಬಹುದು.

ಅದೇ ಚಿತ್ರವನ್ನು ನೋಡುವ ಮೊಬೈಲ್ ಪರದೆಯ ಅಗಲ ಹೆಚ್ಚೆಂದರೆ 1080 ಪಿಕ್ಸೆಲ್ ಎಂದುಕೊಂಡರೆ, ಅದಕ್ಕೆ ಬೇಕಾದುದು 1080 × 720, ಅಂದರೆ 7,77,600 ಪಿಕ್ಸೆಲ್ ಮಾತ್ರ. ಇದು ಮೂಲದ ಸುಮಾರು 31ರಲ್ಲಿ ಒಂದು ಭಾಗ. ಉಳಿದ 30 ಭಾಗಗಳನ್ನು ನೋಡುಗ ಹಣ ತೆತ್ತು ಇಳಿಸಿಕೊಳ್ಳುತ್ತಾನೆ, ಅವನ ಫೋನು ಅವುಗಳನ್ನು ಎಸೆಯುತ್ತದೆ. ಚಿತ್ರವನ್ನು ಮೊದಲೇ ಕಿರಿದುಗೊಳಿಸಿ 150 ಕಿಲೋಬೈಟ್‌ಗೆ ಇಳಿಸಿದರೆ ಅದೇ ಸಂಪರ್ಕದಲ್ಲಿ 1.2 ಸೆಕೆಂಡು ಸಾಕು.

ಇಳಿಸುವ ವೇಳೆಯಷ್ಟೇ ಮುಖ್ಯವಾದ, ಆದರೆ ಸಾಮಾನ್ಯವಾಗಿ ಗಮನಕ್ಕೆ ಬಾರದ ಇನ್ನೊಂದು ಲೆಕ್ಕವಿದೆ. ಕಡತ ಎಷ್ಟೇ ಸಂಕೋಚನಗೊಂಡಿದ್ದರೂ ಪರದೆಗೆ ಬರುವ ಮುನ್ನ ಬ್ರೌಸರ್ ಅದನ್ನು ಬಿಡಿಸಿ ಸ್ಮರಣೆಯಲ್ಲಿ ಇಟ್ಟುಕೊಳ್ಳಬೇಕು. ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ನಂತೆ ಮೇಲಿನ ಮೂಲಚಿತ್ರ 96 ಮೆಗಾಬೈಟ್ ಆಗುತ್ತದೆ. ಕಿರಿದುಗೊಳಿಸಿದ್ದು ಸುಮಾರು 3 ಮೆಗಾಬೈಟ್. ಕಡಿಮೆ ಬೆಲೆಯ ಫೋನಿನಲ್ಲಿ ಇಂತಹ ಹತ್ತು ಚಿತ್ರಗಳ ಪುಟವು ತಡೆದು ತಡೆದು ಸರಿಯುವುದಕ್ಕೂ, ಕೆಲವೊಮ್ಮೆ ಬ್ರೌಸರ್ ಮುಚ್ಚಿಹೋಗುವುದಕ್ಕೂ ಇದೇ ಕಾರಣ. ಪುಟದ ಸಂಕೇತದಲ್ಲಿ ಅಗಲವನ್ನು ಚಿಕ್ಕದಾಗಿ ನಮೂದಿಸಿದ ಮಾತ್ರಕ್ಕೆ ಕಡತ ಚಿಕ್ಕದಾಗುವುದಿಲ್ಲ ಎಂಬುದನ್ನು ಹೊಸಬರು ಹಲವು ಬಾರಿ ಮರೆಯುತ್ತಾರೆ.

ಒಂದೇ ಅಳತೆಯ ಎರಡು ಚಿತ್ರಗಳ ಕಡತಗಳು ಒಂದೇ ತೂಕದವಾಗಿರಬೇಕಾಗಿಲ್ಲ. ನಿಂತ ಹಿನ್ನೀರು, ಮೋಡವಿಲ್ಲದ ಬಾನು ಇರುವ ಕಬಿನಿಯ ಚಿತ್ರ ಸುಲಭವಾಗಿ ಸಂಕುಚಿತಗೊಳ್ಳುತ್ತದೆ. ಚುಂಚನಕಟ್ಟೆಯಲ್ಲಿ ಬಂಡೆಗಳ ಮೇಲೆ ಧುಮುಕುವ ಕಾವೇರಿಯ ನೊರೆ, ನಾಗರಹೊಳೆಯ ಬಿದಿರು ಎಲೆಗಳ ಗೊಂಚಲು ಇರುವ ಚಿತ್ರಗಳಲ್ಲಿ ಪ್ರತಿ ಪಿಕ್ಸೆಲ್ಲೂ ಪಕ್ಕದ್ದಕ್ಕಿಂತ ಭಿನ್ನ. ಅವು ಅಷ್ಟು ಸುಲಭವಾಗಿ ಕುಗ್ಗುವುದಿಲ್ಲ. ಹೀಗಾಗಿ ಎಲ್ಲ ಚಿತ್ರಗಳಿಗೂ ಒಂದೇ ಕಿಲೋಬೈಟ್ ಮಿತಿಯನ್ನು ಹೇರುವುದು ಒಳ್ಳೆಯ ಪದ್ಧತಿಯಲ್ಲ.

ಜೆಪೆಗ್ ಮತ್ತು ಕೊಸೈನ್ ರೂಪಾಂತರ

ಛಾಯಾಚಿತ್ರಗಳಿಗೆ ಹೆಚ್ಚು ಬಳಕೆಯಲ್ಲಿರುವ ಜೆಪೆಗ್ ವಿನ್ಯಾಸದ ಮಾನಕ 1992ರಲ್ಲಿ ರೂಪುಗೊಂಡಿತು. ಅದರ ತಿರುಳಾದ ಡಿಸ್ಕ್ರೀಟ್ ಕೊಸೈನ್ ರೂಪಾಂತರವನ್ನು ಕಂಡುಕೊಂಡವರು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್. ಅಮೆರಿಕದ ಕ್ಯಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿದ್ದಾಗ 1972ರಲ್ಲಿ ಅವರು ಈ ವಿಷಯದ ಅಧ್ಯಯನಕ್ಕಾಗಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಪ್ರಸ್ತಾವ ಸಲ್ಲಿಸಿದರು. ಅದಕ್ಕೆ ಅನುದಾನ ದೊರೆಯಲಿಲ್ಲ. ಕೆಲಸ ಬಿಡದೆ ಮುಂದುವರಿಸಿ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಪ್ರಬಂಧವನ್ನು ಪ್ರಕಟಿಸಿದರು.

ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಲಾಗುತ್ತದೆ. ಪ್ರತಿ ಚೌಕವನ್ನು ನಿಧಾನವಾಗಿ ಬದಲಾಗುವ ಮತ್ತು ಚುರುಕಾಗಿ ಬದಲಾಗುವ ಅಲೆಗಳ ಮೊತ್ತವಾಗಿ ಬರೆದುಕೊಳ್ಳುವುದು ಕೊಸೈನ್ ರೂಪಾಂತರದ ಕೆಲಸ. ಚುರುಕಾದ ಅಲೆಗಳಲ್ಲಿನ ಸಣ್ಣ ವ್ಯತ್ಯಾಸಗಳಿಗೆ ಮನುಷ್ಯನ ಕಣ್ಣು ಅಷ್ಟಾಗಿ ಸ್ಪಂದಿಸುವುದಿಲ್ಲವಾದ್ದರಿಂದ ಅವುಗಳ ಬೆಲೆಯನ್ನು ಒರಟಾಗಿ ದುಂಡಾಗಿಸಲಾಗುತ್ತದೆ, ಹಲವು ಸೊನ್ನೆಯಾಗುತ್ತವೆ. ಸಂಕೋಚನದ ಬಹುಪಾಲು ಲಾಭ ಈ ಹಂತದಲ್ಲಿ ಬರುತ್ತದೆ, ಚಿತ್ರದ ನಷ್ಟವೂ ಇಲ್ಲೇ ಆಗುತ್ತದೆ. ಬಣ್ಣದ ವಿವರಕ್ಕಿಂತ ಬೆಳಕು-ನೆರಳಿನ ವಿವರವನ್ನು ಕಣ್ಣು ಚೆನ್ನಾಗಿ ಗುರುತಿಸುವುದರಿಂದ, ಬಣ್ಣದ ಮಾಹಿತಿಯನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸುವುದೂ ವಾಡಿಕೆ.

ತಂತ್ರಾಂಶಗಳಲ್ಲಿ ಕಾಣುವ "ಗುಣಮಟ್ಟ 80" ಎಂಬಂತಹ ಸಂಖ್ಯೆ ಶೇಕಡಾವಾರು ಅಲ್ಲ. ಒಂದು ತಂತ್ರಾಂಶದ 80 ಇನ್ನೊಂದರ 80ಕ್ಕೆ ಸಮನೂ ಅಲ್ಲ. ಸಾಮಾನ್ಯ ಛಾಯಾಚಿತ್ರಗಳಿಗೆ 75ರಿಂದ 85ರ ನಡುವೆ ಆರಂಭಿಸಿ ಕಣ್ಣಳತೆಯಿಂದ ತೀರ್ಮಾನಿಸುವುದು ರೂಢಿ. ಜೆಪೆಗ್ ಕಡತವನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿಯೇ ಉಳಿಸಿದಾಗಲೆಲ್ಲ ಹೊಸ ನಷ್ಟ ಸೇರಿಕೊಳ್ಳಬಹುದು. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದ್ದು ದಾರಿಯಲ್ಲೇ ಸಂಕುಚಿತವಾಗುವುದರಿಂದ, ಹಾಗೆ ಬಂದ ಪ್ರತಿಯನ್ನು ಜಾಲಪುಟಕ್ಕೆ ಮೂಲವಾಗಿ ಬಳಸುವುದು ಸೂಕ್ತವಲ್ಲ.

ಕನ್ನಡ ಅಕ್ಷರಗಳು ಚಿತ್ರವಾದಾಗ

ಛಾಯಾಚಿತ್ರಕ್ಕೆ ಒದಗಿಬರುವ ಜೆಪೆಗ್‌ನ ಗುಣವೇ ಅಕ್ಷರಗಳಿಗೆ ಮುಳುವಾಗುತ್ತದೆ. ಅಕ್ಷರದ ಅಂಚು ಎಂದರೆ ಕಪ್ಪಿನಿಂದ ಬಿಳಿಗೆ ಹಠಾತ್ ಜಿಗಿತ. ಚುರುಕಾದ ಅಲೆಗಳನ್ನು ಕೈಬಿಟ್ಟರೆ ಅಂಚಿನ ಸುತ್ತ ಕೊಳೆ ಅಂಟಿದಂತಹ ಕಲೆಗಳು ಮೂಡುತ್ತವೆ. ಕನ್ನಡದಲ್ಲಿ ಅರ್ಥ ನಿಂತಿರುವುದು ಬಹಳ ಸಣ್ಣ ಗುರುತುಗಳ ಮೇಲೆ. 'ದ' ಮತ್ತು 'ಧ'ಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಸೀಳು. 'ಪ'ದ ಹೊಟ್ಟೆಯೊಳಗಿನ ಗೆರೆ ಉಳಿದರೆ 'ಷ', ಅಳಿದರೆ ಮತ್ತೆ 'ಪ'. ಸಾಲಿನ ಕೆಳಗೆ ಕುಳಿತ ಒತ್ತಕ್ಷರಗಳು ಮುಖ್ಯ ಅಕ್ಷರಕ್ಕಿಂತ ಚಿಕ್ಕವು. ಕಿರಿದಾದ ಚಿತ್ರದಲ್ಲಿ ಅವು ಒಂದು 8 × 8 ಚೌಕದೊಳಗೇ ಅಡಗಿಹೋಗುತ್ತವೆ. ಇಂಗ್ಲಿಷ್ ಅಕ್ಷರಗಳು ಓದಲು ಬರುವಷ್ಟು ಉಳಿಯುವ ಸಂಕೋಚನದಲ್ಲಿ ಕನ್ನಡದ ಒತ್ತುಗಳು ಕಲಸಿಹೋಗುವುದು ಇದರಿಂದಲೇ.

ಬಣ್ಣದ ವಿವರವನ್ನು ಅರ್ಧಕ್ಕೆ ಇಳಿಸುವ ಕ್ರಮದ ಪರಿಣಾಮ ನವೆಂಬರ್ ತಿಂಗಳ ರಾಜ್ಯೋತ್ಸವದ ಭಿತ್ತಿಚಿತ್ರಗಳಲ್ಲಿ ಎದ್ದು ಕಾಣುತ್ತದೆ: ಹಳದಿ ಹಿನ್ನೆಲೆಯ ಮೇಲಿನ ಕೆಂಪು ಅಕ್ಷರಗಳ ಅಂಚು ಹರಡಿ, ಎರಡು ಬಣ್ಣಗಳ ನಡುವೆ ಮಸುಕಾದ ಪಟ್ಟಿ ಏಳುತ್ತದೆ. ಇಂತಹ ಚಿತ್ರಕ್ಕೆ ಪಿಎನ್‌ಜಿ ವಿನ್ಯಾಸವನ್ನು ಬಳಸಬಹುದು, ಇಲ್ಲವೇ ಜೆಪೆಗ್‌ನಲ್ಲಿ ಬಣ್ಣದ ಇಳಿಕೆಯನ್ನು ನಿಲ್ಲಿಸಬಹುದು. ಹಿನ್ನೆಲೆಯನ್ನಷ್ಟೇ ಚಿತ್ರವಾಗಿರಿಸಿ ಅಕ್ಷರಗಳನ್ನು ಪುಟದ ಬರಹವಾಗಿಯೇ ಅದರ ಮೇಲೆ ಕೂರಿಸುವುದು ಇವೆರಡಕ್ಕಿಂತ ಉತ್ತಮ.

ಬರಹವನ್ನು ಚಿತ್ರವಾಗಿಸುವ ರೂಢಿಗೆ ಚಾರಿತ್ರಿಕ ಕಾರಣವಿದೆ. ಯು. ಬಿ. ಪವನಜ ಅವರ 'ವಿಶ್ವಕನ್ನಡ' 1996ರಲ್ಲಿ ಆರಂಭವಾದ ಕಾಲದಲ್ಲಿ ಬಹುತೇಕ ಗಣಕಗಳಲ್ಲಿ ಕನ್ನಡದ ಅಕ್ಷರವಿನ್ಯಾಸವೇ ಇರಲಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದ್ದರೂ ಅದನ್ನು ತೋರಿಸಬಲ್ಲ ಕಾರ್ಯಾಚರಣ ವ್ಯವಸ್ಥೆಗಳು ಬರಬೇಕಿತ್ತು. 'ಬರಹ', 'ನುಡಿ' ಮುಂತಾದ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಪಠ್ಯವು ಅದೇ ಅಕ್ಷರವಿನ್ಯಾಸ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತಿತ್ತು. ಆಗ ಕನ್ನಡವನ್ನು ಎಲ್ಲರಿಗೂ ಖಚಿತವಾಗಿ ತೋರಿಸಲು ಇದ್ದ ಸುಲಭ ದಾರಿ ಅದನ್ನು ಜಿಫ್ ಚಿತ್ರವಾಗಿಸುವುದು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ 'ತುಂಗಾ' ಅಕ್ಷರವಿನ್ಯಾಸ ಬಂದಿತು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡಕ್ಕೆ ಬೆಂಬಲ ದೊರೆಯಿತು. ಮೂಲ ಕಾರಣ ತೀರಿದ ಮೇಲೂ ಅಭ್ಯಾಸ ಮಾತ್ರ ಉಳಿಯಿತು. ಸಹಿ ಮತ್ತು ಮೊಹರು ಇರುವ ಕಾಗದವನ್ನು ಸ್ಕ್ಯಾನ್ ಮಾಡಿ ಏರಿಸುವುದು, ಅಥವಾ ಸೂಚನಾಫಲಕದ ಮೇಲಿನ ಹಾಳೆಯನ್ನು ಫೋನಿನಲ್ಲಿ ಚಿತ್ರ ತೆಗೆದು ಹಂಚುವುದು ಇಂದಿಗೂ ಸಾಮಾನ್ಯ.

ಇದರ ಬೆಲೆಯನ್ನು ಹೀಗೆ ಅಳೆಯಬಹುದು. ಯುಟಿಎಫ್-8 ಸಂಕೇತನದಲ್ಲಿ ಕನ್ನಡದ ಒಂದು ಯೂನಿಕೋಡ್ ಚಿಹ್ನೆಗೆ 3 ಬೈಟ್ ಬೇಕು. 'ಸ್ತ್ರೀ' ಎಂಬಲ್ಲಿ ಆರು ಚಿಹ್ನೆಗಳಿರುವುದರಿಂದ ಅದು 18 ಬೈಟ್. ಇಷ್ಟು ದುಂದು ಎನಿಸಿದರೂ 2000 ಚಿಹ್ನೆಗಳ ಒಂದು ಪೂರ್ಣ ಪ್ರಕಟಣೆ ಸುಮಾರು 6 ಕಿಲೋಬೈಟ್‌ನಲ್ಲಿ ಮುಗಿಯುತ್ತದೆ, ಸರ್ವರ್ ಅದನ್ನು ಜಿಜಿಪ್ ವಿಧಾನದಿಂದ ಇನ್ನೂ ಕುಗ್ಗಿಸಿ ಕಳುಹಿಸುತ್ತದೆ. ಅದೇ ಪ್ರಕಟಣೆಯ ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ 2480 × 3508, ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್. ಬಣ್ಣದಲ್ಲಿ ಉಳಿಸಿದ ಇಂತಹ ಕಡತ ಮೆಗಾಬೈಟ್ ಮೀರುವುದು ಅಪರೂಪವಲ್ಲ.

ಬೈಟ್‌ಗಳ ಲೆಕ್ಕಕ್ಕಿಂತ ಮಿಗಿಲಾದ ನಷ್ಟಗಳೂ ಇವೆ. ಚಿತ್ರದೊಳಗಿನ ಮಾತು ಪುಟದೊಳಗಿನ ಹುಡುಕಾಟಕ್ಕೆ ಸಿಗದು, ನಕಲು ಮಾಡಲು ಬಾರದು, ಫೋನಿನ ಅಗಲಕ್ಕೆ ತಕ್ಕಂತೆ ಸಾಲುಗಳು ಮುರಿದುಕೊಳ್ಳವು; ಓದುಗ ಹಿಗ್ಗಿಸಿ ಎಡಕ್ಕೂ ಬಲಕ್ಕೂ ಎಳೆಯುತ್ತ ಓದಬೇಕು. ಹುಣಸೂರು, ಪಿರಿಯಾಪಟ್ಟಣ ಭಾಗದ ಬೆಳೆಗಾರನೊಬ್ಬ ಹೊಗೆಸೊಪ್ಪಿನ ಹರಾಜು ದರವನ್ನು ಹುಡುಕಿದಾಗ, ದರಪಟ್ಟಿ ಚಿತ್ರವಾಗಿದ್ದರೆ ಹುಡುಕಾಟ ಯಂತ್ರಕ್ಕೆ ಅದು ಸುಲಭವಾಗಿ ದೊರೆಯುವುದಿಲ್ಲ. ದೃಷ್ಟಿದೋಷವುಳ್ಳ ವಿದ್ಯಾರ್ಥಿಯ ಪಾಲಿಗಂತೂ ಆ ಪ್ರಕಟಣೆ ಇದ್ದೂ ಇಲ್ಲದಂತೆ. ಎನ್‌ವಿಡಿಎಯಂತಹ ಪರದೆ ಓದುಗ ತಂತ್ರಾಂಶಗಳು ಇ-ಸ್ಪೀಕ್ ಧ್ವನಿಯ ಮೂಲಕ ಕನ್ನಡ ಬರಹವನ್ನು ಓದಿ ಹೇಳಬಲ್ಲವು, ಆದರೆ ಅವು ಓದುವುದು ಬರಹವನ್ನು. ವಿಕಲಚೇತನರ ಹಕ್ಕುಗಳ ಅಧಿನಿಯಮ 2016 ವಿದ್ಯುನ್ಮಾನ ಮಾಹಿತಿಯೂ ಎಲ್ಲರಿಗೂ ಎಟುಕುವ ರೂಪದಲ್ಲಿರಬೇಕೆಂದು ಹೇಳುತ್ತದೆ. ಭಾರತ ಸರ್ಕಾರದ ಜಾಲತಾಣಗಳಿಗಾಗಿ 2009ರಲ್ಲಿ ಮೊದಲು ಬಂದ ಮಾರ್ಗಸೂಚಿಗಳೂ ಚಿತ್ರಗಳಿಗೆ ಬದಲಿ ಪಠ್ಯ ಕೊಡಬೇಕೆಂದು ಕೇಳುತ್ತವೆ.

ಸಹಿಯುಳ್ಳ ಮೂಲವನ್ನು ತೋರಿಸಲೇಬೇಕಾದಲ್ಲಿ ಪಠ್ಯವನ್ನು ಪುಟದಲ್ಲಿ ಕೊಟ್ಟು, ಸ್ಕ್ಯಾನ್ ಪ್ರತಿಯನ್ನು ಕೊಂಡಿಯಾಗಿ ಇಡಬಹುದು. ಬರಿಯ ಕಪ್ಪು-ಬಿಳುಪಿನ ಸ್ಕ್ಯಾನ್‌ನಲ್ಲಿ ಪಿಕ್ಸೆಲ್‌ಗೆ ಒಂದೇ ಬಿಟ್ ಸಾಕಾಗುವುದರಿಂದ ಎ4 ಹಾಳೆ ಸಂಕೋಚನಕ್ಕೂ ಮುಂಚೆ 1.1 ಮೆಗಾಬೈಟ್‌ನಷ್ಟು ಮಾತ್ರ. ಫ್ಯಾಕ್ಸ್ ಯಂತ್ರಗಳಿಗಾಗಿ ರೂಪಿಸಿದ ಗ್ರೂಪ್ 4 ವಿಧಾನ ಅದನ್ನು ಹಲವು ಪಟ್ಟು ತಗ್ಗಿಸುತ್ತದೆ, ಅಕ್ಷರದ ಅಂಚೂ ಕೆಡುವುದಿಲ್ಲ. ಹಳೆಯ ಸ್ಕ್ಯಾನ್‌ಗಳಿಂದ ಪಠ್ಯ ಪಡೆಯಲು ಟೆಸೆರಾಕ್ಟ್ ಮುಂತಾದ ಅಕ್ಷರ ಗುರುತಿಸುವ ತಂತ್ರಾಂಶಗಳು ಕನ್ನಡವನ್ನೂ ಬೆಂಬಲಿಸುತ್ತವೆ. ಆದರೆ ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದರಿಂದ ಕರಡು ತಿದ್ದುವ ಕೆಲಸ ತಪ್ಪದು.

ಇತರ ಕಡತ ವಿನ್ಯಾಸಗಳು

ಜಿಫ್ 1987ರದು, ಒಂದು ಚಿತ್ರದಲ್ಲಿ 256 ಬಣ್ಣಗಳಿಗಷ್ಟೇ ಅವಕಾಶ. ಚಲಿಸುವ ಜಿಫ್‌ಗಳು ಆಕರ್ಷಕವಾಗಿ ಕಂಡರೂ ಅದೇ ದೃಶ್ಯದ ವಿಡಿಯೊ ಕಡತಕ್ಕಿಂತ ಬಹಳ ಭಾರ. ಅದರ ಸಂಕೋಚನ ವಿಧಾನದ ಹಕ್ಕುಸ್ವಾಮ್ಯದ ತಕರಾರಿನ ಹಿನ್ನೆಲೆಯಲ್ಲಿ ರೂಪುಗೊಂಡ ಪಿಎನ್‌ಜಿ 1996ರಲ್ಲಿ ಮಾನಕವಾಯಿತು. ನಷ್ಟವಿಲ್ಲದ ಸಂಕೋಚನ, ಪಾರದರ್ಶಕತೆ ಅದರ ಗುಣಗಳು. ಲಾಂಛನ, ಪರದೆಚಿತ್ರ, ರೇಖಾಚಿತ್ರಗಳಿಗೆ ಅದು ಸೂಕ್ತ, ಛಾಯಾಚಿತ್ರಕ್ಕಲ್ಲ.

ಗೂಗಲ್ 2010ರಲ್ಲಿ ಪ್ರಕಟಿಸಿದ ವೆಬ್‌ಪಿ, 2019ರಲ್ಲಿ ಬಂದ ಎವಿಐಎಫ್‌ಗಳು ವಿಡಿಯೊ ಸಂಕೋಚನದ ತಂತ್ರಗಳನ್ನು ಸ್ಥಿರಚಿತ್ರಕ್ಕೆ ಅನ್ವಯಿಸುತ್ತವೆ. ಗೂಗಲ್ ನೀಡಿರುವ ಹೋಲಿಕೆಯಲ್ಲಿ ವೆಬ್‌ಪಿ ಕಡತವು ಸಮಾನ ಗುಣಮಟ್ಟದ ಜೆಪೆಗ್‌ಗಿಂತ ಶೇ. 25ರಿಂದ 34ರಷ್ಟು ಚಿಕ್ಕದು. ಇದು ಗಣನೀಯವೇ, ಆದರೆ ಮೇಲಿನ ಆನೆಯ ಚಿತ್ರದಲ್ಲಿ ಪಿಕ್ಸೆಲ್‌ಗಳನ್ನು ತಗ್ಗಿಸಿ ಪಡೆದ 31 ಪಟ್ಟು ಉಳಿತಾಯದ ಮುಂದೆ ಅಲ್ಪ. ಹೊಸ ವಿನ್ಯಾಸದ ಹೆಸರಿಗೆ ಮರುಳಾಗಿ 6000 ಪಿಕ್ಸೆಲ್ ಅಗಲದ ವೆಬ್‌ಪಿಯನ್ನೇ ಏರಿಸುವ ತಾಣಗಳೂ ಇವೆ.

ನಕ್ಷೆ ಮತ್ತು ರೇಖಾಚಿತ್ರಗಳಿಗೆ 2001ರಲ್ಲಿ ಮಾನಕವಾದ ಎಸ್‌ವಿಜಿ ಹೆಚ್ಚು ಉಪಯುಕ್ತ. ಅದರಲ್ಲಿ ಪಿಕ್ಸೆಲ್‌ಗಳ ಬದಲು ಗೆರೆಗಳ ವಿವರಣೆ ಇರುವುದರಿಂದ ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಮೈಸೂರು ಜಿಲ್ಲೆಯ ತಾಲ್ಲೂಕು ನಕ್ಷೆ ಒಳ್ಳೆಯ ಉದಾಹರಣೆ. ಕೃಷ್ಣರಾಜನಗರದಿಂದ ಸಾಲಿಗ್ರಾಮವೂ ಹೆಗ್ಗಡದೇವನಕೋಟೆಯಿಂದ ಸರಗೂರೂ ಪ್ರತ್ಯೇಕ ತಾಲ್ಲೂಕುಗಳಾದಾಗ, ಜೆಪೆಗ್ ನಕ್ಷೆಗಳನ್ನು ಹೊಸದಾಗಿಯೇ ಬರೆಯಬೇಕಾಗುತ್ತದೆ. ಎಸ್‌ವಿಜಿಯಲ್ಲಾದರೆ ಒಂದು ಗಡಿರೇಖೆಯನ್ನೂ ಒಂದು ಹೆಸರನ್ನೂ ಸೇರಿಸಿದರಾಯಿತು. ಹೆಸರುಗಳು ಪಠ್ಯವಾಗಿಯೇ ಉಳಿಯುವುದರಿಂದ ಅವನ್ನು ಹುಡುಕಲೂ ಬಹುದು. ಎಚ್ಚರ ವಹಿಸಬೇಕಾದದ್ದು ಗಡಿಯ ವಿವರದಲ್ಲಿ: ಅಳತೆ ಇಲಾಖೆಯ ನಿಖರತೆಯ ಗಡಿರೇಖೆಯಲ್ಲಿ ಸಾವಿರಾರು ಬಿಂದುಗಳಿರುತ್ತವೆ, ಫೋನಿನ ಪರದೆಯಲ್ಲಿ ಅವು ಒಂದರ ಮೇಲೊಂದು ಬೀಳುತ್ತವೆ. ಡಗ್ಲಸ್-ಪಾಯ್ಕರ್ ವಿಧಾನದಿಂದ ಆಕಾರ ಕೆಡದಂತೆ ಬಿಂದುಗಳನ್ನು ಕಳೆದರೆ ಕಡತ ಹಗುರಾಗುತ್ತದೆ.

ಮೂಲಪ್ರತಿ ಮತ್ತು ಜಾಲಪ್ರತಿ

ಸಂಕೋಚನದಲ್ಲಿ ಕಳೆದುಹೋದ ವಿವರ ಮರಳಿ ಬಾರದು. ಆದ್ದರಿಂದ ಮೂಲಪ್ರತಿಯನ್ನು ಮುಟ್ಟದೆ ಕಾದಿರಿಸಿ, ಅದರಿಂದ ಜಾಲಪ್ರತಿಗಳನ್ನು ಬೇರೆಯಾಗಿ ತಯಾರಿಸಬೇಕು. ಇದರ ಮಹತ್ವ ನಾಗರಹೊಳೆಯ ವನ್ಯಜೀವಿ ಚಿತ್ರಗಳಲ್ಲಿ ಸ್ಪಷ್ಟವಾಗುತ್ತದೆ. ಪ್ರತಿ ಹುಲಿಯ ಮೈಪಟ್ಟೆಗಳ ವಿನ್ಯಾಸವೂ ಬೇರೆ. ಕ್ಯಾಮೆರಾ ಬಲೆಯ ಚಿತ್ರಗಳಿಂದ ಹುಲಿಗಳನ್ನು ಒಂದೊಂದಾಗಿ ಗುರುತಿಸಿ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಬಳಸಿ 1995ರಲ್ಲಿ ಪ್ರಕಟಿಸಿದರು. ಅತಿಯಾಗಿ ಸಂಕುಚಿತಗೊಂಡ ಪ್ರತಿಯಲ್ಲಿ ಕವಲೊಡೆದ ತೆಳು ಪಟ್ಟೆಗಳು ಒಂದಾಗಿಬಿಡುತ್ತವೆ. ಪ್ರವಾಸಿಗರಿಗೆ ತೋರಿಸಲು ಅದು ಸಾಕು, ಸಂಶೋಧಕನಿಗೆ ಸಾಲದು.

ಕ್ಯಾಮೆರಾ ಮತ್ತು ಫೋನುಗಳು ಚಿತ್ರದೊಳಗೆ ಎಕ್ಸಿಫ್ ಎಂಬ ಮಾಹಿತಿಯನ್ನೂ ಬರೆದಿಡುತ್ತವೆ: ತೆಗೆದ ವೇಳೆ, ಕ್ಯಾಮೆರಾದ ಮಾದರಿ, ಜಿಪಿಎಸ್ ಇದ್ದಲ್ಲಿ ಸ್ಥಳದ ಅಕ್ಷಾಂಶ-ರೇಖಾಂಶ. ಇದನ್ನು ತೆಗೆದುಹಾಕಿದರೆ ಕೆಲವು ಕಿಲೋಬೈಟ್ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಹುಲಿ ಅಥವಾ ದಂತದ ಆನೆ ಕಂಡ ನಿಖರ ತಾಣವು ಬೇಟೆಗಾರರ ಕೈಗೆ ಸಿಗದಂತಾಗುತ್ತದೆ. ಮನೆಯಲ್ಲಿ ತೆಗೆದ ಮಕ್ಕಳ ಚಿತ್ರಗಳಿಗೂ ಇದೇ ಎಚ್ಚರಿಕೆ ಅನ್ವಯ. ಆದರೆ ಎಲ್ಲವನ್ನೂ ಒಟ್ಟಾಗಿ ಅಳಿಸುವಾಗ ಚಿತ್ರದ ದಿಕ್ಕನ್ನು ಸೂಚಿಸುವ ಗುರುತು ಹೋದರೆ ನಿಂತ ಚಿತ್ರ ಮಲಗಿಬಿಡಬಹುದು. ಬಣ್ಣದ ಪ್ರೊಫೈಲ್ ಹೋದರೆ ಬಣ್ಣ ಮಂಕಾಗಬಹುದು. ಛಾಯಾಗ್ರಾಹಕನ ಹಕ್ಕಿನ ವಿವರವೂ ಅಳಿಯುತ್ತದೆ. ಸ್ಥಳದ ಮಾಹಿತಿಯನ್ನಷ್ಟೇ ಆರಿಸಿ ತೆಗೆಯುವುದು ಸರಿಯಾದ ಕ್ರಮ.

ಪುಟದಲ್ಲಿ ಚಿತ್ರವನ್ನು ಇರಿಸುವ ಕ್ರಮ

ಒಂದೇ ಚಿತ್ರದ ಮೂರು-ನಾಲ್ಕು ಅಗಲದ ಪ್ರತಿಗಳನ್ನು, ಉದಾಹರಣೆಗೆ 480, 1080, 1920 ಪಿಕ್ಸೆಲ್, ಸಿದ್ಧವಿರಿಸಿ ಎಚ್‌ಟಿಎಂಎಲ್‌ನ 'ಎಸ್‌ಆರ್‌ಸಿಸೆಟ್' ಗುಣಲಕ್ಷಣದಲ್ಲಿ ನಮೂದಿಸಿದರೆ, ಬ್ರೌಸರ್ ತನ್ನ ಪರದೆಗೆ ತಕ್ಕುದನ್ನು ತಾನೇ ಆರಿಸಿಕೊಳ್ಳುತ್ತದೆ. 'ಪಿಕ್ಚರ್' ಅಂಶದ ಮೂಲಕ ಎವಿಐಎಫ್ ಅರಿಯುವ ಬ್ರೌಸರ್‌ಗೆ ಅದನ್ನೂ, ಅರಿಯದ ಹಳೆಯದಕ್ಕೆ ಜೆಪೆಗ್ ಅನ್ನೂ ಕೊಡಬಹುದು. ವಿಕಿಪೀಡಿಯದಲ್ಲಿ ಈ ಕೆಲಸ ತಾನಾಗಿಯೇ ನಡೆಯುತ್ತದೆ: ಕಾಮನ್ಸ್‌ಗೆ ಏರಿಸಿದ ಪೂರ್ಣಗಾತ್ರದ ಕಡತ ಹಾಗೆಯೇ ಉಳಿದು, ಲೇಖನದಲ್ಲಿ ಅದರ ಕಿರುಚಿತ್ರ ಮಾತ್ರ ಕಾಣುತ್ತದೆ. ಆದ್ದರಿಂದ ಕಾಮನ್ಸ್‌ಗೆ ಏರಿಸುವವರು ಚಿತ್ರವನ್ನು ಮೊದಲೇ ಕುಗ್ಗಿಸಬೇಕಾಗಿಲ್ಲ.

ಚಿತ್ರದ ಅಗಲ-ಎತ್ತರಗಳನ್ನು ಸಂಕೇತದಲ್ಲಿ ನಮೂದಿಸಿದರೆ ಬ್ರೌಸರ್ ಮೊದಲೇ ಜಾಗ ಕಾಯ್ದಿರಿಸುತ್ತದೆ. ಇಲ್ಲವಾದರೆ ಓದುತ್ತಿದ್ದ ಸಾಲು ಚಿತ್ರ ಬಂದೊಡನೆ ಕೆಳಕ್ಕೆ ಜಿಗಿಯುತ್ತದೆ, ಒತ್ತಬೇಕಾದ ಗುಂಡಿಯ ಬದಲು ಇನ್ನೊಂದು ಒತ್ತಿಹೋಗುತ್ತದೆ. ಗೂಗಲ್ 2020ರಲ್ಲಿ ಪ್ರಕಟಿಸಿದ ಮಾಪನಗಳಲ್ಲಿ ಈ ಜಿಗಿತದ ಅಂಕ 0.1 ಮೀರಬಾರದು, ಪುಟದ ಅತಿದೊಡ್ಡ ಅಂಶ 2.5 ಸೆಕೆಂಡಿನೊಳಗೆ ಕಾಣಬೇಕು ಎಂದಿದೆ. ಪರದೆಯ ಕೆಳಗಿರುವ ಚಿತ್ರಗಳಿಗೆ 'ಲೋಡಿಂಗ್ ಲೇಜಿ' ಎಂದು ಸೂಚಿಸಿದರೆ ಓದುಗ ಅಲ್ಲಿಗೆ ಸಮೀಪಿಸುವವರೆಗೆ ಅವು ಇಳಿಯುವುದಿಲ್ಲ. ಪುಟದ ತಲೆಯಲ್ಲಿರುವ ಮುಖ್ಯ ಚಿತ್ರಕ್ಕೂ ಇದನ್ನೇ ಅಂಟಿಸಿದರೆ ವೇಗ ಕುಗ್ಗುತ್ತದೆ. ಬದಲಿ ಪಠ್ಯವನ್ನು ಪುಟದ ಭಾಷೆಯಲ್ಲಿಯೇ ಬರೆಯಬೇಕು: "ಚಿತ್ರ 1" ಎಂಬುದಕ್ಕಿಂತ "ಕಬಿನಿ ಹಿನ್ನೀರಿನ ದಡದಲ್ಲಿ ನೀರು ಕುಡಿಯುತ್ತಿರುವ ಮೂರು ಆನೆಗಳು" ಎಂಬುದು, ಚಿತ್ರ ಇಳಿಯದೇ ಹೋದಾಗಲೂ ಪ್ರಯೋಜನಕ್ಕೆ ಬರುತ್ತದೆ.

ಅರ್ಜಿಗಳಿಗೆ ಭಾವಚಿತ್ರ

ವಿದ್ಯಾರ್ಥಿಗಳಿಗೆ ಈ ವಿಷಯ ಹೆಚ್ಚಾಗಿ ಎದುರಾಗುವುದು ಪರೀಕ್ಷೆ ಮತ್ತು ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ. ಭಾವಚಿತ್ರ ಮತ್ತು ಸಹಿಯ ಕಡತ ಇಂತಿಷ್ಟು ಕಿಲೋಬೈಟ್ ಮೀರಬಾರದೆಂಬ ನಿಯಮವಿರುತ್ತದೆ. ಮಿತಿ 50 ಕಿಲೋಬೈಟ್ ಇದ್ದಾಗ ಗುಣಮಟ್ಟದ ಸಂಖ್ಯೆಯನ್ನೇ ಇಳಿಸುತ್ತ ಹೋದರೆ ಮುಖ ಚೌಕಚೌಕವಾಗಿ ಒಡೆಯುತ್ತದೆ. ಮೊದಲು ಮುಖ ಮತ್ತು ಭುಜದಷ್ಟಕ್ಕೆ ಕತ್ತರಿಸಿ, ಬಳಿಕ ಅಗಲವನ್ನು ಅರ್ಜಿ ಕೇಳಿದಷ್ಟು ಪಿಕ್ಸೆಲ್‌ಗೆ ಇಳಿಸಿ, ಕೊನೆಯಲ್ಲಿ ಮಾತ್ರ ಗುಣಮಟ್ಟವನ್ನು ಹೊಂದಿಸಬೇಕು. ಅಗಲವನ್ನು ಅರ್ಧಕ್ಕಿಳಿಸಿದರೆ ಪಿಕ್ಸೆಲ್‌ಗಳು ಕಾಲುಭಾಗವಾಗುತ್ತವೆ. ಒಂದೇ ಬಣ್ಣದ ಗೋಡೆಯ ಮುಂದೆ, ಒಳ್ಳೆಯ ಬೆಳಕಿನಲ್ಲಿ ತೆಗೆದ ಚಿತ್ರ ಹೆಚ್ಚು ಕುಗ್ಗುತ್ತದೆ, ಮಂದ ಬೆಳಕಿನ ಚಿತ್ರದಲ್ಲಿ ಕಾಣುವ ಮರಳಿನಂತಹ ಚುಕ್ಕೆಗಳು ಬೈಟ್‌ಗಳನ್ನು ತಿನ್ನುತ್ತವೆ. ಗಿಂಪ್, ಇಮೇಜ್‌ಮ್ಯಾಜಿಕ್‌ನಂತಹ ಉಚಿತ ತಂತ್ರಾಂಶಗಳಲ್ಲಿಯೂ, ಬ್ರೌಸರ್‌ನಲ್ಲಿ ನಡೆಯುವ ಸ್ಕ್ವೂಶ್‌ನಲ್ಲಿಯೂ ಈ ಮೂರು ಹಂತಗಳನ್ನು ಮಾಡಬಹುದು. ಸ್ಕ್ವೂಶ್ ಚಿತ್ರವನ್ನು ಬೇರೆ ಸರ್ವರ್‌ಗೆ ಕಳುಹಿಸದೆ ಬಳಕೆದಾರನ ಯಂತ್ರದಲ್ಲೇ ಸಂಸ್ಕರಿಸುತ್ತದೆ. ಭಾವಚಿತ್ರ ಮತ್ತು ಸಹಿಯನ್ನು ಅಪರಿಚಿತ ತಾಣಗಳಿಗೆ ಏರಿಸಿ ಕುಗ್ಗಿಸಿಕೊಳ್ಳುವುದಕ್ಕಿಂತ ಇದು ಸುರಕ್ಷಿತ.